ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಮೈ, ಆರೋಗ್ಯ, ಸಂಬಂಧಗಳ ಪಾಠ: ಬೇಕಾ, ಬೇಕಾದರೆ ಯಾವ ಮಾತಿನಲ್ಲಿ?

ಬದಿಯಡ್ಕದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ನನ್ನ ಮಗಳು ಇಲ್ಲೇ ಹತ್ತಿರದ ಕನ್ನಡ ಮೀಡಿಯಂ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಮೊನ್ನೆ ಡೈರಿಯಲ್ಲಿ ಒಂದು ಚೀಟಿ ಬಂತು. ಈ ವರ್ಷದಿಂದ ಎಲ್.ಪಿ. (ಒಂದರಿಂದ ನಾಲ್ಕನೇ ಕ್ಲಾಸಿನ) ಮಕ್ಕಳಿಗೂ ತಿಂಗಳಿಗೆ ಎರಡು ಪೀರಿಯಡ್ ದೇಹ, ಆರೋಗ್ಯ, ಸುರಕ್ಷೆ, ಗೆಳೆತನ, ಮನೆಯವರ ಜೊತೆಗಿನ ಸಂಬಂಧ ಇವುಗಳ ಬಗ್ಗೆ ಹೇಳಿಕೊಡುತ್ತಾರಂತೆ. ಶುಕ್ರವಾರ ಮದರ್ ಪಿಟಿಎ, ಅಂದರೆ ಶಾಲೆಯ ಅಮ್ಮಂದಿರ ಸಂಘದ ಮೀಟಿಂಗ್ ಉಂಟು, ಬಂದು ಅಭಿಪ್ರಾಯ ಹೇಳಿ ಎಂದು ಬರೆದಿದ್ದಾರೆ.

ವಾಟ್ಸಾಪ್ ಗ್ರೂಪಿನಲ್ಲಿ ಇಬ್ಬರು ‘ಬೇಡ’ ಎಂದರು. ಒಬ್ಬರು ಹೆಬ್ಬೆರಳು ಹಾಕಿದರು. ಉಳಿದವರೆಲ್ಲ ನೋಡಿ ಸುಮ್ಮನಾದರು.

ನನಗೆ ಬೇಕು ಅಂತಲೇ ಅನಿಸುತ್ತದೆ. ಆದರೆ ಒಂದು ವಿಷಯ ತಲೆ ಕೊರೆಯುತ್ತಿದೆ. ಹೇಳಿಕೊಡಲು ಬರುವವರು ಮಲಯಾಳಂನಲ್ಲಿ ಮಾತಾಡುವವರು. ನಮ್ಮ ಕ್ಲಾಸಿನಲ್ಲಿ ತುಳುವಿನ ಮಕ್ಕಳು ಜಾಸ್ತಿ. ಹವ್ಯಕ ಕನ್ನಡದವರು, ಮರಾಠಿಯವರು, ಬ್ಯಾರಿ ಮಾತಿನವರು, ಕೊಂಕಣಿಯವರು ಎಲ್ಲ ಇದ್ದಾರೆ. ಲೆಕ್ಕದ ಪಾಠವಾದರೆ ಬೋರ್ಡ್ ನೋಡಿ ಹೇಗೋ ಕಲಿಯುತ್ತಾರೆ. ಇದು ಹಾಗೆ ಕಲಿಯುವ ವಿಷಯವಾ?

ನಿನ್ನೆ ರಾತ್ರಿ ನಾನೇ ಮಗಳ ಹತ್ತಿರ ಮಾತಾಡೋಣ ಅಂತ ಕೂತೆ. ಬಾಯಿ ಬರಲಿಲ್ಲ. ಶಬ್ದವೇ ಇಲ್ಲ! ಚಿಕ್ಕಂದಿನಿಂದ ಆ ಜಾಗಕ್ಕೆ ನಾವು ಅವಳಿಗೆ ಹೇಳಿಕೊಟ್ಟದ್ದು ‘ಶೇಮ್ ಶೇಮ್’ ಅಂತ. ಚಡ್ಡಿ ಹಾಕು, ಶೇಮ್ ಶೇಮ್. ಮುಚ್ಚಿಕೋ, ಶೇಮ್ ಶೇಮ್. ಅಂದರೆ ನಾಚಿಕೆಗೇಡು. ನನ್ನ ಮಗಳ ಮೈಗೆ ನಾನೇ ಇಟ್ಟ ಹೆಸರು ಅದು ಅಂತ ನಿನ್ನೆ ಹೊಳೆಯಿತು. ಆಮೇಲೆ ನಿದ್ದೆ ಬರಲಿಲ್ಲ.

ಕುಂಬಳೆಯ ಅಪ್ಪ

ಅಕ್ಕ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ನಾನು ಬೇಡ ಎನ್ನುವವನು. ಸುಮ್ನೆ ಹೇಳುತ್ತಿಲ್ಲ, ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಮಗಳ ಶಾಲೆಯಲ್ಲಿ ಒಂದು ದಿನದ ಕ್ಲಾಸ್ ಆಯಿತು. ಗುಡ್ ಟಚ್, ಬ್ಯಾಡ್ ಟಚ್. ಅವಳಾಗ ಎರಡನೇ ಕ್ಲಾಸು. ಒಂದೂವರೆ ಗಂಟೆ ಹೇಳಿ ಅವರು ಹೋದರು. ಸಂಜೆ ಮನೆಗೆ ಬಂದಳು. ದಿನಾ ಬ್ಯಾಗ್ ಬಿಸಾಡಿ ಅಜ್ಜನ ತೊಡೆಯ ಮೇಲೆ ಕೂರುವವಳು ಅವತ್ತು ಕೂರಲಿಲ್ಲ. ಅಜ್ಜ ಕೈ ಹಿಡಿದು ಎಳೆದರು. ‘ಬ್ಯಾಡ್ ಟಚ್!’ ಎಂದು ಕೂಗಿದಳು. ಅಂಗಳದಲ್ಲಿ ಅಡಿಕೆ ಸುಲಿಯಲು ಬಂದಿದ್ದ ನಾಲ್ಕು ಜನ ತಿರುಗಿ ನೋಡಿದರು. ನನ್ನ ಅಪ್ಪನಿಗೆ ಎಪ್ಪತ್ತೆರಡು ವರ್ಷ. ಮಾತಿಲ್ಲದೆ ಎದ್ದು ಒಳಗೆ ಹೋದರು. ಅವತ್ತಿನಿಂದ ಅವರಾಗಿ ಮೊಮ್ಮಗಳನ್ನು ಎತ್ತಿಕೊಂಡದ್ದು ನಾನು ನೋಡಿಲ್ಲ.

ಮಗುವಿನದ್ದು ತಪ್ಪಿಲ್ಲ. ಅಪ್ಪನದ್ದೂ ಇಲ್ಲ. ಹಾಗಾದರೆ ಯಾರು ಏನು ಕಲಿಸಿದ್ದು? ಮಕ್ಕಳು ಮೊದಲು ನಂಬಲು ಕಲಿಯಬೇಕು. ಉಳಿದದ್ದನ್ನು ಸಮಯ ನೋಡಿ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಹೇಳುತ್ತಾರೆ. ಮೂವತ್ತು ಮಕ್ಕಳ ಎದುರು ಬೋರ್ಡಿನಲ್ಲಿ ಬರೆಯುವ ವಿಷಯ ಅಲ್ಲ ಇದು.

ಉಪ್ಪಳದವಳು

ಅಣ್ಣ, ಮನೆಯಲ್ಲಿ ಹೇಳುತ್ತಾರೆ ಅಂದಿರಲ್ಲ, ನನ್ನ ಮನೆಯಲ್ಲಿ ಯಾರೂ ಹೇಳಲಿಲ್ಲ. ನನ್ನ ಅಮ್ಮನಿಗೆ ಅವರ ಅಮ್ಮನೂ ಹೇಳಿರಲಿಲ್ಲ. ‘ಸಮಯ ನೋಡಿ’ ಅಂದಿರಿ. ಆ ಸಮಯ ಯಾವ ಮನೆಯಲ್ಲೂ ಬಂದದ್ದು ನಾನು ಕಾಣೆ.

ಗುಂಪಿನ ಮೇಲ್ವಿಚಾರಕರು

ಒಂದು ವಿನಂತಿ. ಯಾವುದೇ ಮಗುವಿನ, ಮನೆಯ, ಶಾಲೆಯ ಗುರುತು ಸಿಗುವ ಹಾಗೆ ಬರೆಯಬೇಡಿ. ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಯಲು ಮಾಡುವುದು ಪೋಕ್ಸೋ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾನೂನಿನಲ್ಲಿ ಅಪರಾಧ. ಚರ್ಚೆ ಮುಂದುವರಿಯಲಿ.

ಯು.ಪಿ. ಟೀಚರ್

ಕುಂಬಳೆಯ ಅಣ್ಣನ ಅಪ್ಪನ ವಿಷಯ ಓದಿ ಬೇಸರವಾಯಿತು. ಆದರೆ ಅದು ಪಾಠ ಮಾಡಿದ್ದರಿಂದ ಆದದ್ದಲ್ಲ, ಪಾಠವನ್ನು ಒಂದೇ ದಿನಕ್ಕೆ ಮುಗಿಸಿದ್ದರಿಂದ ಆದದ್ದು. ಏಳು ವರ್ಷದ ಮಗುವಿಗೆ ಒಂದೂವರೆ ಗಂಟೆ ‘ಕೆಟ್ಟ ಸ್ಪರ್ಶ’ ಎಂದು ಹೇಳಿ ಹೋದರೆ ಅದು ಸಂಜೆ ಎಲ್ಲರನ್ನೂ ಪರೀಕ್ಷೆ ಮಾಡುತ್ತದೆ. ಗುಣಾಕಾರ ಒಂದೇ ದಿನದಲ್ಲಿ ಹೇಳಿಕೊಟ್ಟರೂ ಇದೇ ಆಗುತ್ತದೆ, ಅಲ್ವಾ?

ನಾನು ಹದಿನಾಲ್ಕು ವರ್ಷದಿಂದ ಕನ್ನಡ ಮೀಡಿಯಂನ ಯು.ಪಿ.ಯಲ್ಲಿ, ಅಂದರೆ ಐದರಿಂದ ಏಳನೇ ಕ್ಲಾಸಿನವರೆಗಿನ ಶಾಲೆಯಲ್ಲಿ ಇದ್ದೇನೆ. ಮೊದಲು ನಾನೂ ‘ಒಳ್ಳೆಯ, ಕೆಟ್ಟ’ ಎಂದೇ ಹೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ. ಇಂಜೆಕ್ಷನ್ ನೋವು ಕೊಡುತ್ತದೆ. ಮಗುವಿಗೆ ಅದು ಕೆಟ್ಟದ್ದು. ಆದರೆ ಬೇಕು. ಇನ್ನೊಂದು ಕಡೆ, ಮಗುವಿಗೆ ತೊಂದರೆ ಕೊಡುವವರು ತುಂಬ ಸಲ ಹೊಡೆಯುವುದಿಲ್ಲ, ಬೈಯುವುದಿಲ್ಲ, ಮುದ್ದು ಮಾಡಿಯೇ ಶುರು ಮಾಡುತ್ತಾರೆ. ಮಗುವಿಗೆ ಅದು ‘ಒಳ್ಳೆಯದು’ ಎಂದೇ ಅನಿಸಬಹುದು. ಹಾಗಾಗಿ ನಾನು ‘ಸುರಕ್ಷಿತ, ಸುರಕ್ಷಿತ ಅಲ್ಲ’ ಎನ್ನುತ್ತೇನೆ. ಅದಕ್ಕಿಂತ ಮುಖ್ಯವಾಗಿ ಗುಟ್ಟಿನ ಬಗ್ಗೆ ಹೇಳುತ್ತೇನೆ. ಅಮ್ಮನ ಹುಟ್ಟುಹಬ್ಬಕ್ಕೆ ಉಡುಗೊರೆ ತಂದದ್ದು ಗುಟ್ಟು. ನಾಲ್ಕು ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಎಲ್ಲರಿಗೂ ಖುಷಿ. ‘ಯಾರಿಗೂ ಯಾವತ್ತೂ ಹೇಳಬಾರದು’ ಎಂದು ದೊಡ್ಡವರು ಹೇಳುವ ಗುಟ್ಟು ಬೇರೆ. ಅದನ್ನು ಹೇಳಿಯೇ ಬಿಡಬೇಕು. ಎರಡನೇ ಕ್ಲಾಸಿನ ಮಗುವಿಗೂ ಇದು ಅರ್ಥವಾಗುತ್ತದೆ. ಅಜ್ಜನ ತೊಡೆ ಎಲ್ಲರ ಎದುರಿನ ತೊಡೆ. ಅಲ್ಲಿ ಗುಟ್ಟೇ ಇಲ್ಲ.

ಮತ್ತೆ, ವರ್ಷದ ಹೆಚ್ಚಿನ ಪೀರಿಯಡ್‌ಗಳಲ್ಲಿ ಸ್ಪರ್ಶದ ಸುದ್ದಿಯೇ ಬರುವುದಿಲ್ಲ. ಗೆಳತಿ ಮಾತು ಬಿಟ್ಟರೆ ಏನು ಮಾಡುವುದು, ಸೋತಾಗ ಅಳು ಬಂದರೆ ಏನು, ಕಪ್ಪು ಎಂದು ಹಾಸ್ಯ ಮಾಡಿದರೆ ಏನು, ಹಲ್ಲು ಹೇಗೆ ಉಜ್ಜುವುದು, ಮೊಬೈಲಿನಲ್ಲಿ ಗೊತ್ತಿಲ್ಲದವರು ಫೋಟೋ ಕೇಳಿದರೆ ಏನು. ಇವೇ ಜಾಸ್ತಿ.

ಕುಂಬಳೆಯ ಅಪ್ಪ

ಟೀಚರ್, ಗುಟ್ಟಿನ ವಿಷಯ ಚೆನ್ನಾಗಿದೆ. ನಿಮ್ಮ ಹಾಗೆ ಹೇಳುವವರಾದರೆ ನನಗೂ ಅಡ್ಡಿ ಇಲ್ಲ. ಆದರೆ ಎಲ್ಲ ಶಾಲೆಯಲ್ಲೂ ನಿಮ್ಮಂಥವರು ಇರುವುದಿಲ್ಲವಲ್ಲ. ಸರಕಾರದ ಆದೇಶ ಬಂತು ಅಂತ ಯಾರೋ ಬಂದು ಓದಿ ಹೋಗುತ್ತಾರೆ. ಇದೆಲ್ಲ ವಿದೇಶದಿಂದ ಬಂದ ಯೋಚನೆ, ಅಲ್ಲಿನ ಹಾಗೆಯೇ ಇಲ್ಲಿಗೆ ತರುತ್ತಾರೆ ಎಂಬ ಹೆದರಿಕೆಯೂ ಉಂಟು.

ಲೀಡ್ಸ್‌ನಲ್ಲಿರುವ ಮಂಜೇಶ್ವರದವಳು

ವಿದೇಶದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನನ್ನ ಇಬ್ಬರು ಮಕ್ಕಳು ಇಲ್ಲಿ ಪ್ರೈಮರಿಯಲ್ಲಿದ್ದಾರೆ. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್‌ನಿಂದ ಪ್ರೈಮರಿ ಶಾಲೆಗಳಲ್ಲಿ ಸಂಬಂಧಗಳ ಪಾಠ ಕಡ್ಡಾಯ. ಸರಕಾರಿ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಆರೋಗ್ಯದ ಪಾಠವೂ ಕಡ್ಡಾಯ. ಲೈಂಗಿಕ ಶಿಕ್ಷಣ ಪ್ರೈಮರಿಯಲ್ಲಿ ಕಡ್ಡಾಯ ಅಲ್ಲ. ಶಾಲೆ ಅದನ್ನು ಕಲಿಸುವುದಾದರೆ, ವಿಜ್ಞಾನದ ಪಾಠದಲ್ಲಿ ಇರುವುದನ್ನು ಬಿಟ್ಟು ಉಳಿದದ್ದರಿಂದ ‘ನನ್ನ ಮಗುವಿಗೆ ಬೇಡ’ ಎಂದು ಪೋಷಕರು ಹೊರಗಿಡಬಹುದು. ಸಂಬಂಧಗಳ ಪಾಠದಿಂದ ಹೊರಗಿಡುವ ಹಾಗಿಲ್ಲ.

ಊರಿನಲ್ಲಿ ಎಲ್ಲರೂ ಈ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಜಗಳ ಹುಟ್ಟುವುದೇ ಅಲ್ಲಿ. ಸಂಬಂಧಗಳ ಪಾಠ ಅಂದರೆ ಕುಟುಂಬ, ಗೆಳೆತನ, ಮರ್ಯಾದೆ, ಆನ್‌ಲೈನ್ ಪರಿಚಯ, ಸುರಕ್ಷಿತವಾಗಿ ಇರುವುದು. ಅಷ್ಟೇ. ದೊಡ್ಡವನು ಮೊದಲ ವರ್ಷ ತಂದ ಹಾಳೆಯಲ್ಲಿ ‘ನಿನ್ನನ್ನು ಯಾರು ನೋಡಿಕೊಳ್ಳುತ್ತಾರೆ, ಚಿತ್ರ ಬರೆ’ ಎಂದಿತ್ತು. ಅವನು ಮಂಜೇಶ್ವರದ ಅಜ್ಜಿಯನ್ನು ಬರೆದ.

ಇಲ್ಲೂ ಎಲ್ಲ ನೆಟ್ಟಗೆ ನಡೆಯಲಿಲ್ಲ. 2019ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಶಾಲೆಗಳ ಮುಂದೆ ಪೋಷಕರು ತಿಂಗಳುಗಟ್ಟಲೆ ಪ್ರತಿಭಟನೆ ಮಾಡಿದರು. ಮಕ್ಕಳು ಗದ್ದಲದ ನಡುವೆ ಒಳಗೆ ಹೋಗಬೇಕಾಯಿತು. ಈಗ ನಿಯಮದಲ್ಲೇ ಉಂಟು: ಶಾಲೆ ಏನು ಕಲಿಸುತ್ತೇವೆ ಎಂದು ಬರೆದಿಡಬೇಕು, ಪೋಷಕರ ಹತ್ತಿರ ಕೇಳಬೇಕು. ಹಾಗಾಗಿ ಬದಿಯಡ್ಕದ ಅಕ್ಕ, ನಿಮ್ಮ ಶಾಲೆ ಮೊದಲೇ ಚೀಟಿ ಕಳಿಸಿದ್ದು ನನಗೆ ತುಂಬ ಇಷ್ಟವಾಯಿತು. ಶುಕ್ರವಾರ ಖಂಡಿತ ಹೋಗಿ.

ಎನ್‌ಎಸ್‌ಪಿಸಿಸಿ ಎಂಬ ಇಲ್ಲಿನ ಮಕ್ಕಳ ಸಂಸ್ಥೆ ಸಣ್ಣವರಿಗೆ ಹೇಳುವುದು ಒಂದು ಸುಲಭದ ಲೆಕ್ಕ: ಚಡ್ಡಿ ಮುಚ್ಚುವಷ್ಟು ಜಾಗ ನಿನ್ನದು ಮಾತ್ರ. ನನ್ನ ಚಿಕ್ಕವಳಿಗೆ ನಾನು ಅದನ್ನು ತುಳುವಿನಲ್ಲಿ ಹೇಳಿಕೊಟ್ಟೆ. ತುಳುವಿನಲ್ಲಿ ಹೇಳುವಾಗ ನನಗೇ ಗಂಟಲು ಕಟ್ಟಿತು. ಇಂಗ್ಲಿಷಿನಲ್ಲಿ ಯಾವತ್ತೂ ಹಾಗೆ ಆಗಿರಲಿಲ್ಲ. ನಮ್ಮ ಮಾತಿನಲ್ಲಿ ಹೇಳಿದಾಗಲೇ ಅದು ನಿಜ ಅನಿಸುವುದು.

ಪೆರ್ಲದ ಮಾಷ್ಟ್ರು (ನಿವೃತ್ತ)

ನಾನು ಮೂವತ್ತೊಂದು ವರ್ಷ ಪಾಠ ಮಾಡಿದವನು. ಸೇವೆಯಲ್ಲಿ ಇದ್ದಾಗ ಇದಕ್ಕೆ ವಿರೋಧವಾಗಿಯೇ ಇದ್ದೆ. 2005ರಲ್ಲಿ ಕೇಂದ್ರ ಸರಕಾರ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮ ತಂದಿತು. ಅದು ಹೈಸ್ಕೂಲು ಮತ್ತು ಅದರ ಮೇಲಿನ ಮಕ್ಕಳಿಗೆ. 2007ರಲ್ಲಿ ದೊಡ್ಡ ಗದ್ದಲ ಎದ್ದು ಕರ್ನಾಟಕ, ಮಹಾರಾಷ್ಟ್ರ, ಮಧ್ಯಪ್ರದೇಶದಂಥ ರಾಜ್ಯಗಳು ಅದನ್ನು ನಿಲ್ಲಿಸಿದವು. ಸ್ಟಾಫ್ ರೂಮಿನಲ್ಲಿ ಆ ಸುದ್ದಿ ಓದಿ ‘ಒಳ್ಳೆಯದಾಯಿತು’ ಎಂದವರಲ್ಲಿ ನಾನೂ ಒಬ್ಬ.

ಅದೇ 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧ್ಯಯನ ಬಂತು. ಹದಿಮೂರು ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಕೇರಳವೂ ಅದರಲ್ಲಿತ್ತು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗಂಡುಮಕ್ಕಳು. ತೊಂದರೆ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಇದನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಓದಿದ ದಿನ ನನ್ನ ಹಳೆಯ ಹಾಜರಿ ಪುಸ್ತಕಗಳು ಕಣ್ಣಿಗೆ ಬಂದವು. ನಲವತ್ತು ಹೆಸರು ಇದ್ದ ಕ್ಲಾಸು. ಅರ್ಧ ಅಂದರೆ ಇಪ್ಪತ್ತು. ಒಬ್ಬರೂ ನನ್ನ ಹತ್ತಿರ ಬಂದು ಹೇಳಿರಲಿಲ್ಲ. ಹೇಳುವ ಹಾಗೆ ನಾನು ಇರಲಿಲ್ಲ.

ಕುಂಬಳೆಯವರು ಆದೇಶ ಎಂದರು. 2022ರಲ್ಲಿ ಕೇರಳ ಹೈಕೋರ್ಟು, ಇಂಥ ದೌರ್ಜನ್ಯ ತಡೆಯುವ ಪಾಠ ವಯಸ್ಸಿಗೆ ತಕ್ಕ ಹಾಗೆ ಪಠ್ಯಕ್ರಮದಲ್ಲೇ ಇರಬೇಕು ಎಂದು ರಾಜ್ಯ ಸರಕಾರಕ್ಕೂ ಸಿಬಿಎಸ್‌ಇಗೂ ಹೇಳಿದೆ. ಹಾಗಾಗಿ ಬೇಕಾ ಬೇಡವಾ ಎಂಬ ಪ್ರಶ್ನೆ ನಮ್ಮ ಕೈ ದಾಟಿ ಆಯಿತು. ನಮ್ಮ ಕೈಯಲ್ಲಿ ಉಳಿದದ್ದು ಬದಿಯಡ್ಕದ ತಂಗಿ ಕೇಳಿದ ಪ್ರಶ್ನೆ: ಯಾವ ಮಾತಿನಲ್ಲಿ?

ಇಲ್ಲಿ ಎಲ್ಲರೂ ಗಮನಿಸಬೇಕಾದ ಒಂದು ವಿಷಯ ಉಂಟು. 2012ರ ಪೋಕ್ಸೋ ಕಾನೂನಿನ 19ನೇ ಸೆಕ್ಷನ್ ನೋಡಿ. ಮಗು ಹೇಳಿದ್ದನ್ನು ಮಗುವಿಗೆ ಅರ್ಥವಾಗುವ ಸರಳ ಮಾತಿನಲ್ಲಿ ಬರೆಯಬೇಕು. ಬರೆಯುವ ಭಾಷೆ ಮಗುವಿಗೆ ಗೊತ್ತಿಲ್ಲದಿದ್ದರೆ ಅನುವಾದ ಮಾಡುವವರನ್ನು ಕೊಡಬೇಕು. 26ನೇ ಸೆಕ್ಷನ್ ಪ್ರಕಾರ ಮಗುವಿನ ಹೇಳಿಕೆಯನ್ನು ಮಗು ಆಡಿದ ಮಾತಿನಲ್ಲೇ ಬರೆದುಕೊಳ್ಳಬೇಕು. ಅಂದರೆ ಪೊಲೀಸ್ ಸ್ಟೇಷನ್ನಿನಲ್ಲಿ ಮಗುವಿನ ಮಾತಿಗೆ ಬೆಲೆ ಉಂಟು. ಅನಾಹುತ ಆದ ಮೇಲೆ ಭಾಷೆ ಬಲ್ಲವರು ಬರುತ್ತಾರೆ. ಆಗುವ ಮೊದಲು, ಕ್ಲಾಸಿನಲ್ಲಿ, ಯಾಕೆ ಬರಬಾರದು? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಇರಬೇಕು ಎಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಹಾಕಿದಾಗ ನಾವು ಎಷ್ಟು ಸಲ ಧರಣಿ ಕೂತಿದ್ದೇವೆ! ಆಗೆಲ್ಲ ಮಕ್ಕಳ ಮಾರ್ಕು ಹೋಗುತ್ತದೆ ಎಂದೆವು. ಮಾರ್ಕಿಗಿಂತ ದೊಡ್ಡದು ಇದು.

ಮುಳ್ಳೇರಿಯದ ನರ್ಸ್

ಮಾಷ್ಟ್ರೇ, ಶಬ್ದದ ವಿಷಯ ನನ್ನ ಕೆಲಸದಲ್ಲಿ ದಿನಾ ಕಾಣುತ್ತದೆ. ತುಳು ಮನೆಯ ಮಗು ಬಂದು ‘ಬಂಜಿ ಬೇನೆ’ ಎನ್ನುತ್ತದೆ. ಹೊಟ್ಟೆನೋವು. ಮೂತ್ರ ಉರಿದರೂ ಬಂಜಿ ಬೇನೆ. ತೊಡೆಸಂದಿನಲ್ಲಿ ಹುಣ್ಣಾದರೂ ಬಂಜಿ ಬೇನೆ. ಸೊಂಟದ ಕೆಳಗೆ ಮೊಣಕಾಲಿನವರೆಗೆ ಮಗುವಿನ ಹತ್ತಿರ ಬೇರೆ ಶಬ್ದ ಇಲ್ಲ. ಡಾಕ್ಟರ್ ಮಲಯಾಳಂನಲ್ಲಿ ‘ವಯರ್?’ ಎಂದು ಕೇಳಿ ಹೊಟ್ಟೆ ಒತ್ತಿ ನೋಡುತ್ತಾರೆ. ಮಗು ಹೂಂ ಎನ್ನುತ್ತದೆ. ಹೊಟ್ಟೆಯ ಔಷಧಿ ಸಿಗುತ್ತದೆ. ನಾನು ಆಮೇಲೆ ಬದಿಗೆ ಕರೆದು ಕೇಳಿದರೆ ನಿಜ ಗೊತ್ತಾಗುತ್ತದೆ. ಇದು ಬರೀ ಕಾಯಿಲೆಯ ಮಾತು. ಕಾಯಿಲೆ ಹೇಳಲಿಕ್ಕೇ ಶಬ್ದ ಇಲ್ಲದ ಮಗು ಬೇರೆಯದನ್ನು ಹೇಗೆ ಹೇಳಬೇಕು?

ಎರಡನೆಯದು ಮುಟ್ಟು. ಇದಕ್ಕೆ ಹೈಸ್ಕೂಲಿನವರೆಗೆ ಕಾಯುವ ಹಾಗಿಲ್ಲ. ಹೆಣ್ಣುಮಕ್ಕಳ ಮೈಯಲ್ಲಿ ಬದಲಾವಣೆ ಎಂಟರಿಂದ ಹದಿಮೂರು ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಐದನೇ ಕ್ಲಾಸಿನಲ್ಲೇ ಮುಟ್ಟಾದ ಮಕ್ಕಳನ್ನು ನಾನು ನೋಡಿದ್ದೇನೆ. ಒಬ್ಬಳು ಎರಡು ದಿನ ಯಾರಿಗೂ ಹೇಳಿರಲಿಲ್ಲ. ಪೇರಳೆ ಮರದಿಂದ ಬಿದ್ದದ್ದಕ್ಕೆ ಒಳಗೆ ಏನೋ ಒಡೆದಿದೆ, ಇನ್ನು ಸಾಯುತ್ತೇನೆ ಅಂದುಕೊಂಡಿದ್ದಳು. ಮರ ಹತ್ತಬೇಡ ಎಂದು ಅಮ್ಮ ಹೇಳಿದ್ದರಂತೆ, ಬೈಗುಳ ತಿನ್ನಬೇಕಾದೀತು ಎಂದು ಹೆದರಿಕೆ. ಎರಡು ರಾತ್ರಿ ಆ ಮಗು ಒಬ್ಬಳೇ ಸಾವಿನ ಹೆದರಿಕೆಯಲ್ಲಿ ಮಲಗಿದ್ದಳು. ನಾಲ್ಕನೇ ಕ್ಲಾಸಿನಲ್ಲಿ ಯಾರಾದರೂ ಹತ್ತು ನಿಮಿಷ ಹೇಳಿದ್ದರೆ ಆ ಎರಡು ರಾತ್ರಿಯ ಹೆದರಿಕೆ ಅವಳಿಗೆ ತಪ್ಪುತ್ತಿತ್ತು.

ಉಪ್ಪಳದವಳು

ನರ್ಸ್ ಅಕ್ಕ, ಅಳು ಬಂತು.

ನಾವು ತುಳುವರು ಕೆಡ್ಡಸ ಮಾಡುತ್ತೇವೆ. ಫೆಬ್ರವರಿ ಹೊತ್ತಿಗೆ, ಮೂರು ದಿನ. ಭೂಮಿತಾಯಿ ಮುಟ್ಟಾಗುತ್ತಾಳೆ ಎಂದು ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಗೆ ತುಳಸಿಕಟ್ಟೆಯ ಹತ್ತಿರ ಭೂಮಿಗೆ ಎಣ್ಣೆ ಎರೆಯುತ್ತೇವೆ. ಗಂಡಸರು, ಮಕ್ಕಳು ಎಲ್ಲರ ಎದುರೇ ಈ ಮಾತು ನಡೆಯುತ್ತದೆ. ಯಾರಿಗೂ ನಾಚಿಕೆ ಇಲ್ಲ. ಅದೇ ಮನೆಯ ಮಗಳು ಮುಟ್ಟಾದರೆ ‘ಕಾಗೆ ಮುಟ್ಟಿತು’ ಎನ್ನುತ್ತೇವೆ. ಭೂಮಿಯ ಬಗ್ಗೆ ಆಡುವ ಮಾತನ್ನು ಮಗಳ ಬಗ್ಗೆ ಯಾಕೆ ಆಡಬಾರದು? ಟೀಚರ್, ನಿಮ್ಮ ಕ್ಲಾಸಿನಲ್ಲಿ ಕೆಡ್ಡಸದಿಂದಲೇ ಶುರು ಮಾಡಬಹುದಲ್ವಾ? ಗಂಡುಮಕ್ಕಳನ್ನೂ ಕೂರಿಸಿಕೊಂಡು.

ಯು.ಪಿ. ಟೀಚರ್

ಇದು ನನಗೆ ಹೊಳೆದೇ ಇರಲಿಲ್ಲ. ಖಂಡಿತ ಮಾಡುತ್ತೇನೆ. ಗಂಡುಮಕ್ಕಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿ ಹೇಳುವ ಕ್ರಮವನ್ನು ನಾನೂ ಬಿಟ್ಟಿದ್ದೇನೆ. ಬಾಗಿಲು ಹಾಕಿದ ದಿನವೇ ಮಕ್ಕಳು ‘ಇದು ಗುಟ್ಟು’ ಎಂದು ಕಲಿಯುತ್ತಾರೆ.

ಪೈವಳಿಕೆಯ ಹುಡುಗ

ಇಲ್ಲಿ ಬರೆಯಬೇಕಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿದೆ. ಮಾಷ್ಟ್ರು ಗಂಡುಮಕ್ಕಳ ಲೆಕ್ಕ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ನನಗಾಗ ಒಂಬತ್ತು ವರ್ಷ. ಮನೆಗೆ ಬಂದು ಹೋಗುತ್ತಿದ್ದ ಒಬ್ಬ ದೊಡ್ಡವರು. ಎಲ್ಲರಿಗೂ ಬೇಕಾದವರು. ವಿವರ ಬರೆಯುವುದಿಲ್ಲ. ಅವರು ಯಾವತ್ತೂ ನೋವು ಮಾಡಲಿಲ್ಲ, ಗದರಲಿಲ್ಲ. ಐಸ್‌ಕ್ಯಾಂಡಿ ತರುತ್ತಿದ್ದರು. ‘ಇದು ನಮ್ಮಿಬ್ಬರ ಗುಟ್ಟು’ ಎನ್ನುತ್ತಿದ್ದರು. ಟೀಚರ್ ಬರೆದ ಅದೇ ಮಾತು. ಓದುವಾಗ ಕೈ ನಡುಗಿತು.

‘ಕೆಟ್ಟ ಸ್ಪರ್ಶ’ ಎಂದು ಆಗ ಯಾರಾದರೂ ಹೇಳಿಕೊಟ್ಟಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಕೆಟ್ಟವರು ಅಂದರೆ ಚಾಕು ಹಿಡಿದವರು ಅಂದುಕೊಂಡಿದ್ದೆ. ಆದರೆ ‘ಯಾವತ್ತೂ ಹೇಳಬಾರದು ಎನ್ನುವ ಗುಟ್ಟು ಇದ್ದರೆ ಬಂದು ಹೇಳು’ ಎಂದು ಯಾರಾದರೂ ಹೇಳಿದ್ದರೆ ಅವತ್ತೇ ಓಡಿ ಹೋಗಿ ಹೇಳುತ್ತಿದ್ದೆ. ನಾನು ಗುಟ್ಟು ಇಟ್ಟುಕೊಳ್ಳುವ ಮಗು ಆಗಿರಲೇ ಇಲ್ಲ.

ಈಗ ಇಪ್ಪತ್ತಾರು ವರ್ಷ. ಅಮ್ಮನಿಗೆ ಹೇಳಿದ್ದು ಹೋದ ವರ್ಷ. ಅವರು ಮೊದಲು ಕೇಳಿದ್ದು, ‘ಆಗ ಯಾಕೆ ಹೇಳಲಿಲ್ಲ ಮಗಾ?’ ಉತ್ತರ ಇರಲಿಲ್ಲ. ಹೇಗೆ ಹೇಳಬೇಕು ಅಂತ ಗೊತ್ತಿರಲಿಲ್ಲ ಅಮ್ಮ, ಅಷ್ಟೇ.

ಕುಂಬಳೆಯ ಅಪ್ಪ

ತಮ್ಮಾ, ಬರೆದದ್ದಕ್ಕೆ ನಿನಗೆ ಕೈ ಮುಗಿಯುತ್ತೇನೆ. ನಿನ್ನದು ಏನೂ ತಪ್ಪಿಲ್ಲ.

ನಾನು ಇಲ್ಲಿ ಬರೆಯುವಾಗ ಬರೀ ಮಗಳ ಬಗ್ಗೆ ಯೋಚಿಸಿದ್ದೆ. ನನಗೆ ಆರು ವರ್ಷದ ಮಗನೂ ಇದ್ದಾನೆ. ಅವನಿಗೆ ಏನೂ ಹೇಳಬೇಕು ಅಂತ ನನಗೆ ಅನಿಸಿಯೇ ಇರಲಿಲ್ಲ.

ಬದಿಯಡ್ಕದ ಅಮ್ಮ

ಪೈವಳಿಕೆಯ ತಮ್ಮಾ, ನಿನ್ನ ಮಾತನ್ನು ಹೆಸರು, ಊರು ಏನೂ ಹೇಳದೆ ಶುಕ್ರವಾರ ಮೀಟಿಂಗಿನಲ್ಲಿ ಹೇಳಬಹುದಾ? ನೀನು ಬೇಡ ಅಂದರೆ ಹೇಳುವುದಿಲ್ಲ.

ಪೈವಳಿಕೆಯ ಹುಡುಗ

ಹೇಳಿ ಅಕ್ಕ. ಹುಡುಗ ಎಂದು ಮಾತ್ರ ಮರೆಯದೆ ಹೇಳಿ.

ಕುಂಬಳೆಯ ಅಪ್ಪ

ಒಂದು ಹೆದರಿಕೆ ಇನ್ನೂ ಉಳಿದಿದೆ. ಕೇಳಿಯೇ ಬಿಡುತ್ತೇನೆ. ಮಗು ಕ್ಲಾಸಿನಲ್ಲಿ ಏನೋ ಹೇಳಿತು ಅಂತಿಟ್ಟುಕೊಳ್ಳಿ. ಅರ್ಧಂಬರ್ಧ ಮಾತು. ಟೀಚರ್ ತಪ್ಪು ತಿಳಿದರು. ನೇರ ಪೊಲೀಸು. ಒಂದು ಮನೆಯೇ ಹಾಳಾಗುತ್ತದಲ್ಲ? ಅದರಲ್ಲೂ ಮಗು ತುಳುವಿನಲ್ಲಿ ಹೇಳಿ, ಕೇಳಿದವರಿಗೆ ತುಳು ಬಾರದಿದ್ದರೆ?

ಪೆರ್ಲದ ಮಾಷ್ಟ್ರು (ನಿವೃತ್ತ)

ಒಳ್ಳೆಯ ಪ್ರಶ್ನೆ. ಕಾನೂನು ಏನು ಹೇಳುತ್ತದೆ ಎಂದು ಮೊದಲು ಹೇಳುತ್ತೇನೆ. ಇಂಥದ್ದು ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಸದುದ್ದೇಶದಿಂದ ತಿಳಿಸಿದವರಿಗೆ ತೊಂದರೆ ಇಲ್ಲ ಎಂದೂ ಕಾನೂನಿನಲ್ಲೇ ಇದೆ. ವಿಚಾರಣೆ ಅಧ್ಯಾಪಕರ ಕೆಲಸ ಅಲ್ಲ. ಮಗುವನ್ನು ಹತ್ತು ಸಲ ಕೇಳಿ ಕೇಳಿ ಮಾತು ಕೆಡಿಸಬಾರದು. ಮಗು ಹೇಳಿದ್ದನ್ನು ಅದೇ ಶಬ್ದಗಳಲ್ಲಿ ಬರೆದಿಡಬೇಕು. ಬಾಲ ಸಹಾಯವಾಣಿ 1098 ಹಗಲೂ ರಾತ್ರಿ ಇದೆ.

ನೀವು ಹೇಳಿದ ಹೆದರಿಕೆ ನಿಜವೇ. ತಪ್ಪು ತಿಳಿಯುವ ಸಂದರ್ಭ ಬರಬಹುದು. ಆದರೆ ಆ ತಪ್ಪು ಎಲ್ಲಿಂದ ಬರುತ್ತದೆ? ಮಗುವಿನ ಹತ್ತಿರ ಸರಿಯಾದ ಶಬ್ದ ಇಲ್ಲದಿದ್ದಾಗ. ‘ಅಲ್ಲಿ’, ‘ಅದು’, ‘ಶೇಮ್ ಶೇಮ್’ ಎಂದರೆ ಕೇಳಿದವರು ಏನು ಬೇಕಾದರೂ ಅರ್ಥ ಮಾಡಿಕೊಳ್ಳಬಹುದು. ಮಗು ಸ್ಪಷ್ಟವಾಗಿ ಹೇಳಿದರೆ ತಪ್ಪಿಲ್ಲದವರಿಗೂ ಅದೇ ರಕ್ಷೆ.

ಕುಂಬಳೆಯ ಅಪ್ಪ

ಇದು ಒಪ್ಪುವ ಮಾತು. ನಾನು ಹೀಗೆ ಯೋಚಿಸಿರಲಿಲ್ಲ.

ಮುಳ್ಳೇರಿಯದ ನರ್ಸ್

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಡುವ ಹಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆ, ಮುಳಿಯಾರು, ಬೆಳ್ಳೂರು, ಕುಂಬ್ಡಾಜೆ ಕಡೆಯ ಎಷ್ಟೋ ಮನೆಗಳಲ್ಲಿ ಮಲಗಿದಲ್ಲೇ ಇರುವ, ಮಾತು ಬಾರದ, ಕೈಕಾಲು ನೆಟ್ಟಗಿಲ್ಲದ ಮಕ್ಕಳು ಬೆಳೆದರು. ಕೆಲವರು ಇಂಥ ಮಕ್ಕಳಿಗೆಂದೇ ಇರುವ ಬಡ್ಸ್ ಶಾಲೆಗೆ ಹೋಗುತ್ತಾರೆ, ಕೆಲವರು ನಮ್ಮ ಮಕ್ಕಳ ಜೊತೆ ಸಾದಾ ಶಾಲೆಗೇ ಬರುತ್ತಾರೆ.

ಈ ಮಕ್ಕಳಿಗೆ ‘ನಿನ್ನ ಚಡ್ಡಿಯ ಜಾಗ ಯಾರೂ ಮುಟ್ಟಬಾರದು’ ಎಂದು ಹೇಳಿಕೊಟ್ಟರೆ ಏನು ಪ್ರಯೋಜನ? ಅವರಿಗೆ ದಿನಾ ಬೇರೆಯವರೇ ಸ್ನಾನ ಮಾಡಿಸಬೇಕು, ಬಟ್ಟೆ ಬದಲಿಸಬೇಕು. ಅವರ ಪಾಠ ಬೇರೆಯೇ ಆಗಬೇಕು. ನಾನು ಮನೆಭೇಟಿಗೆ ಹೋದಾಗ ಅಮ್ಮಂದಿರಿಗೆ ಹೇಳುವುದು ಇಷ್ಟು. ಮುಟ್ಟುವ ಮೊದಲು ಹೇಳಿ ಮುಟ್ಟಿ. ‘ಈಗ ತೊಳೆಯುತ್ತೇನೆ ಮಗಾ’ ಎನ್ನಿ, ಮಗುವಿಗೆ ಕೇಳಿಸದಿದ್ದರೆ ನೀರಿನ ಚೆಂಬು ತೋರಿಸಿ. ಬಾಗಿಲು ಎಳೆದುಕೊಳ್ಳಿ. ಯಾರ್ಯಾರು ಸ್ನಾನ ಮಾಡಿಸಬಹುದು ಎಂದು ಎರಡೇ ಜನರನ್ನು ಗೊತ್ತು ಮಾಡಿ. ಹೀಗೆ ದಿನಾ ಆದರೆ, ಹೇಳದೆ ಮುಟ್ಟಿದವರು ಬೇರೆ ಎಂದು ಮಗುವಿಗೆ ಗೊತ್ತಾಗುತ್ತದೆ. ಒಬ್ಬಳು ಹುಡುಗಿ, ಮಾತು ಬಾರದು. ನಾನು ಒಮ್ಮೆ ಅವಸರದಲ್ಲಿ ಹೇಳದೆ ಅಂಗಿ ಎತ್ತಿದೆ. ನನ್ನ ಕೈ ತಳ್ಳಿದಳು. ಅವಳ ಅಮ್ಮನಿಗೆ ಸಂಕೋಚವಾಯಿತು. ನಾನು ಅವಳ ಹತ್ತಿರ ತಪ್ಪಾಯಿತು ಎಂದು ಹೇಳಿ, ಮತ್ತೆ ಕೇಳಿ ಎತ್ತಿದೆ. ಆ ಮಗು ಕಲಿತಿದ್ದಳು. ನನಗೆ ಅವತ್ತು ಆದಷ್ಟು ಸಂತೋಷ ಯಾವತ್ತೂ ಆಗಿಲ್ಲ.

ಇಂಥ ಪಾಠದಿಂದ ಮಕ್ಕಳು ಹೆದರುತ್ತಾರೆ ಎಂಬ ಮಾತಿಗೂ ಒಂದು ಉತ್ತರ. 2015ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ ಬೇರೆ ಬೇರೆ ದೇಶಗಳ 24 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಒಟ್ಟು 5,802 ಮಕ್ಕಳು. ಪಾಠ ಕೇಳಿದ ಮಕ್ಕಳಿಗೆ ತಿಳಿವಳಿಕೆ ಹೆಚ್ಚಿತ್ತು. ಆದದ್ದನ್ನು ಹೇಳಿಕೊಳ್ಳುವುದೂ ಹೆಚ್ಚಿತ್ತು. ಹೆದರಿಕೆ ಹೆಚ್ಚಿರಲಿಲ್ಲ. ಇದರಿಂದ ದೌರ್ಜನ್ಯವೇ ನಿಲ್ಲುತ್ತದೆ ಎಂದು ಅವರು ಹೇಳಿಲ್ಲ, ನಾನೂ ಹೇಳುವುದಿಲ್ಲ. ನಿಲ್ಲಿಸಬೇಕಾದವರು ದೊಡ್ಡವರು. ಆ ಭಾರವನ್ನು ಎಂಟು ವರ್ಷದ ಮಗುವಿನ ಮೇಲೆ ಹಾಕುವುದು ಸರಿಯಲ್ಲ.

ಯು.ಪಿ. ಟೀಚರ್

ಅಕ್ಕ, ‘ಹೇಳಿ ಮುಟ್ಟಿ’ ಎಂಬುದನ್ನು ನಾಳೆಯಿಂದಲೇ ಕ್ಲಾಸಿನಲ್ಲಿ ಮಾಡುತ್ತೇನೆ. ನಮ್ಮಲ್ಲೂ ಇಬ್ಬರು ಅಂಥ ಮಕ್ಕಳಿದ್ದಾರೆ. ಬೇರೆ ಮಕ್ಕಳು ಪ್ರೀತಿಯಿಂದಲೇ ಅವರ ಕೆನ್ನೆ ಹಿಂಡುತ್ತಾರೆ, ಕೇಳುವುದಿಲ್ಲ.

ಬದಿಯಡ್ಕದ ಅಕ್ಕನಿಗೆ, ಶಬ್ದಕ್ಕೆ ನಾನು ಮಾಡುವ ಉಪಾಯ ಹೇಳುತ್ತೇನೆ. ಬೋರ್ಡಿನಲ್ಲಿ ಒಂದು ಮಗುವಿನ ಚಿತ್ರ ಬರೆಯುತ್ತೇನೆ. ಮೊದಲು ಹೊಟ್ಟೆಗೆ ಮನೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳುತ್ತೇನೆ. ಹೊಟ್ಟೆ, ಬಂಜಿ, ವಯರ್, ಪೋಟ್ ಎಲ್ಲ ಬರುತ್ತದೆ. ಮಕ್ಕಳಿಗೆ ಖುಷಿಯೋ ಖುಷಿ. ಆಮೇಲೆ ಮೊಣಕಾಲು, ಹಿಮ್ಮಡಿ. ಮುಚ್ಚುವ ಜಾಗಕ್ಕೆ ಬಂದಾಗ ಬಾಯಲ್ಲಿ ಕೇಳುವುದಿಲ್ಲ. ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ ಎನ್ನುತ್ತೇನೆ. ಹತ್ತು ನಿಮಿಷ ನಗುತ್ತಾರೆ, ನಗಲಿ. ಮರುದಿನ ನಾನು ಮನೆಯ ಶಬ್ದವನ್ನೂ ಪುಸ್ತಕದ ಶಬ್ದವನ್ನೂ ಒಂದೇ ದನಿಯಲ್ಲಿ ಹೇಳುತ್ತೇನೆ, ಮೊಣಕಾಲು ಎಂದ ಹಾಗೆಯೇ. ನಗು ಅಲ್ಲಿಗೆ ನಿಲ್ಲುತ್ತದೆ. ಮನೆಯಲ್ಲಿ ಅಮ್ಮನಿಗೆ ಹೇಳಲು ಮನೆಯ ಶಬ್ದ ಬೇಕು, ಡಾಕ್ಟರಿಗೋ ಪೊಲೀಸಿಗೋ ಹೇಳಲು ಪುಸ್ತಕದ್ದು ಬೇಕು. ಎರಡೂ ಇರಲಿ. ಈ ಮಕ್ಕಳಿಗೆ ಮೂರು ನಾಲ್ಕು ಭಾಷೆ ಬರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಲೀಡ್ಸ್‌ನಲ್ಲಿರುವ ಮಂಜೇಶ್ವರದವಳು

ಇದನ್ನು ಬರೆದಿಡಿ ಟೀಚರ್, ದಯವಿಟ್ಟು. ನಾನೂ ಮಕ್ಕಳ ಜೊತೆ ಮಾಡುತ್ತೇನೆ.

ಕುಂಬಳೆಯ ಅಪ್ಪ

ಕೇರಳದ ಮೂರನೇ ಕ್ಲಾಸಿನ ಹೊಸ ಪುಸ್ತಕದಲ್ಲಿ ಅಪ್ಪ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಚಿತ್ರ 2024ರಲ್ಲಿ ಬಂತಲ್ಲ, ಆಗಲೂ ಇದೆಲ್ಲ ಯಾಕೆ ಅಂದುಕೊಂಡಿದ್ದೆ. ಮಗಳು ಅದನ್ನು ನೋಡಿ ‘ಅಪ್ಪಾ, ನೀನೂ ತುರಿ’ ಎಂದಳು. ಈಗ ಭಾನುವಾರ ನಾನೇ ತುರಿಯುವುದು. ಅವಳು ಪಕ್ಕದಲ್ಲಿ ಕೂತು ಶಾಲೆಯ ಕಥೆಯೆಲ್ಲ ಹೇಳುತ್ತಾಳೆ. ಬೇರೆ ದಿನ ಹೇಳುವುದಿಲ್ಲ. ಇವತ್ತು ಇದನ್ನೆಲ್ಲ ಓದಿ ನೆನಪಾಯಿತು.

ನನ್ನ ಷರತ್ತು ಇಷ್ಟು. ಒಂದೇ ದಿನದ ಕ್ಲಾಸ್ ಬೇಡ. ಹೇಳಿಕೊಡುವವರಿಗೆ ಮಕ್ಕಳ ಮಾತು ಬರಬೇಕು, ಇಲ್ಲದಿದ್ದರೆ ಬರುವವರು ಪಕ್ಕದಲ್ಲಿ ಇರಬೇಕು. ಏನು ಹೇಳುತ್ತಾರೆ ಅಂತ ಮೊದಲು ನಮಗೆ ಹೇಳಬೇಕು. ಮತ್ತೆ, ಮದರ್ ಪಿಟಿಎಗೆ ಅಪ್ಪಂದಿರನ್ನೂ ಕರೆಯಬೇಕು. ಅಜ್ಜಂದಿರನ್ನೂ.

ಬದಿಯಡ್ಕದ ಅಮ್ಮ

ಅಣ್ಣ, ನಾಲ್ಕನ್ನೂ ಬರೆದುಕೊಂಡೆ. ಇವತ್ತು ಹೆಡ್‌ಮಾಷ್ಟ್ರ ಹತ್ತಿರ ಮಾತಾಡಿದೆ. ಮಲಯಾಳಂನವರು ಬರಲಿ, ಆದರೆ ಜೊತೆಗೆ ತುಳು, ಕನ್ನಡ ಬರುವ ಒಬ್ಬರು ಇರಬೇಕು ಅಂದೆ. ‘ನೀವೇ ಯಾರನ್ನಾದರೂ ಹೇಳಿ, ಕೂರಿಸುತ್ತೇನೆ’ ಎಂದರು. ನರ್ಸ್ ಅಕ್ಕ, ಶುಕ್ರವಾರ ಮೂರು ಗಂಟೆಗೆ ಬರುತ್ತೀರಾ?

ಮುಳ್ಳೇರಿಯದ ನರ್ಸ್

ಡ್ಯೂಟಿ ಎರಡಕ್ಕೆ ಮುಗಿಯುತ್ತದೆ. ಎರಡೂಕಾಲರ ಬಸ್ಸಿಗೆ ಹೊರಡುತ್ತೇನೆ.

ಬದಿಯಡ್ಕದ ಅಮ್ಮ

ಸ್ಟಾಪಿನಲ್ಲಿ ನಾನು ನಿಂತಿರುತ್ತೇನೆ ಅಕ್ಕ. ಮತ್ತೆ, ನಿನ್ನೆ ರಾತ್ರಿ ಮಗಳ ಹತ್ತಿರ ಮಾತಾಡಿದೆ. ಇನ್ನು ಶೇಮ್ ಶೇಮ್ ಅಂತ ಹೇಳುವುದಿಲ್ಲ ಅಂದೆ. ‘ಮತ್ತೆ ಏನಂತ ಹೇಳುವುದು?’ ಎಂದು ಕೇಳಿದಳು. ಹೇಳಿದೆ. ಹೂಂ ಎಂದು ಹೊದ್ದು ಮಲಗಿದಳು.